ಕೃಷ್ಣನಿಗೆ ಕಂಠ ಕೊಟ್ಟ ಜಟ್ಟಿಂಗಪ್ಪ

ತಾಳಗುಪ್ಪದ ಜಟ್ಟಿಂಗಪ್ಪ ಕಡುಕಪ್ಪು ಆಳು. ಗೇಣಿ ಗದ್ದೆಯಲ್ಲಿ ನಿಂತು ಹಾಡಿದರೆ ರೈಲ್ವೆ ಸ್ಟೇಷನ್ನಿನವರೆಗೆ ಕೇಳುತ್ತಿತ್ತಂತೆ. ಆ ಕಂಠಕ್ಕೆ ಮನಸೋತೇ ನಾಟಕ ಕಂಪನಿಯ ಯಜಮಾನ ರಾಮಚಂದ್ರಪ್ಪ ಅವನನ್ನು ಕರೆದುಕೊಂಡು ಹೋದದ್ದು. ಹೋದಮೇಲೆ ಕಂಠ ಮರೆತು ಮೈಬಣ್ಣ ನೋಡಿದರು. ರಾವಣ, ಕೀಚಕ, ಯಮ, ಹೆಸರಿಲ್ಲದ ರಾಕ್ಷಸರು. ತೀರ್ಥಹಳ್ಳಿಯಿಂದ ಸಾಗರದವರೆಗೆ ಊರೂರಿನಲ್ಲಿ ಸಾಯುವುದೇ ಅವನ ಕಸುಬಾಯಿತು.

ಅವನಿಗೆ ಬೇಕಾಗಿದ್ದು ಕೃಷ್ಣನ ಪಾತ್ರ. ಒಂದೇ ಒಂದು ಸಲ ಹೆಂಡತಿ ಗುತ್ಯಮ್ಮನ ಮುಂದೆ ಕೃಷ್ಣನಾಗಿ ನಿಂತು ಹಾಡಬೇಕು. ಬಾಯಿಬಿಟ್ಟು ಕೇಳಿಯೂ ಕೇಳಿದ.

"ಯಜಮಾನ್ರೆ, ಕೃಷ್ಣನೂ ಕಪ್ಪೇ ಅಲ್ವಾ?"

"ಹೌದು ಮಾರಾಯ. ಆದ್ರೆ ನೀಲಿ ಎದ್ದು ಕಾಣ್ಬೇಕು ಅಂದ್ರೆ ಬಣ್ಣದ ಅಡೀಲಿ ಬಿಳೀ ಮೈ ಇರ್ಬೇಕಲ್ಲ," ಎಂದರು ರಾಮಚಂದ್ರಪ್ಪ.

ಎಂಥ ನ್ಯಾಯ ನೋಡಿ. ಕಪ್ಪು ದೇವರಾಗಲು ಬಿಳಿಯವನೇ ಬೇಕಂತೆ. ಹಾಗೆ ಬೆಳ್ಳಗಿದ್ದ ಮಂಜುನಾಥಪ್ಪ ಕೃಷ್ಣನಾಗುತ್ತಿದ್ದ. ಹಾಡು ಮಾತ್ರ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಅವನು ಮುಂದೆ ನಿಂತು ತುಟಿ ಆಡಿಸುವುದು, ಜಟ್ಟಿಂಗಪ್ಪ ಪಕ್ಕದ ಪರದೆಯ ಹಿಂದೆ ನಿಂತು ಹಾಡುವುದು ಎಂದಾಯಿತು. ಜನರಿಗೂ ಈ ಗುಟ್ಟು ಗೊತ್ತಿತ್ತು. 'ಒನ್ಸ್ ಮೋರ್' ಎಂದು ಕೂಗಿದರೆ ಕೈಮುಗಿಯುವವನು ಮಂಜುನಾಥಪ್ಪ, ಮತ್ತೆ ಗಂಟಲು ಹರಿದುಕೊಳ್ಳುವವನು ಇವನು.

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಕಂಪನಿ ಕಾರ್ಗಲ್ಲಿನಲ್ಲಿ ಟೆಂಟು ಹಾಕಿದಾಗ, ಜೋಗದಲ್ಲಿ ಚಿತ್ರ ತೆಗೆಯಲು ಬಂದಿದ್ದ ಮದ್ರಾಸಿನವರು ನಾಟಕ ನೋಡಿದರು. ಅವರಿಗೆ ಹಿಡಿಸಿದ್ದು ಯಮನ ಮುಖ. ಅಂಬಿಗನ ಪಾತ್ರವಿದೆ, ಅದಕ್ಕೊಂದು ಹಾಡೂ ಇದೆ ಎಂದರು. ಜಟ್ಟಿಂಗಪ್ಪ ಹಿಗ್ಗಿ ಹೀರೇಕಾಯಿಯಾದ. ಮದ್ರಾಸಿಗೆ ಹೋಗಿ ನೋಡಿದರೆ ಹಾಡನ್ನು ಬೇರೆ ಯಾರೋ ಆಗಲೇ ಹಾಡಿಟ್ಟಿದ್ದರು. ಇವನು ದೋಣಿಯಲ್ಲಿ ಕೂತು ಬಾಯಿ ಆಡಿಸಿದರೆ ಸಾಕಿತ್ತು. ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವುದೂ ಅವನಿಗೆ ಸಾಕಾಗಿತ್ತು.

ಚಿತ್ರ ಸಾಗರಕ್ಕೆ ಬಂತು. ಅಂಬಿಗನ ಹಾಡು ಎಲ್ಲರ ಬಾಯಲ್ಲೂ. ಟಾಕೀಸಿನಿಂದ ಹೊರಬಂದ ಗುತ್ಯಮ್ಮ ಮಾತ್ರ, "ಅದು ನಿಮ್ ದನಿ ಅಲ್ಲ. ನಂಗೆ ಗೊತ್ತಾಗಲ್ವಾ?" ಎಂದಳು. ಅವನು "ಹೂಂ" ಎಂದ.

ಹೆಸರು ಬಂದದ್ದೇ ತಡ, ರಾಮಚಂದ್ರಪ್ಪನಿಗೆ ಅವನ ಮೈಬಣ್ಣ ಕಾಣುವುದು ನಿಂತಿತು. 'ಸಿನಿಮಾದ ಅಂಬಿಗನೇ ಕೃಷ್ಣ' ಎಂದು ಹೊಸನಗರದಲ್ಲಿ ಬೋರ್ಡು ಹಾಕಿಸಿದರು. ನಾನೂ ಹೋಗಿದ್ದೆ. ಗುತ್ಯಮ್ಮ ಮುಂದಿನ ಸಾಲಿನಲ್ಲಿದ್ದಳು. ಜಟ್ಟಿಂಗಪ್ಪ ಕಿರೀಟ ಇಟ್ಟುಕೊಂಡು ಬಂದು ಹಾಡು ಎತ್ತಿದ. ಅಷ್ಟು ಚೆನ್ನಾಗಿ ಅವನು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಇದು ಇವ್ನ ದನಿ ಅಲ್ಲ. ಸಿನಿಮಾದಲ್ಲಿ ಕೇಳಿದ್ದೇ ಬೇರೆ. ಹಿಂದೆ ಯಾರನ್ನೋ ನಿಲ್ಸಿ ಹಾಡಿಸ್ತಿದಾರೆ."

ಸೀಟಿ, ಗಲಾಟೆ. ಇಬ್ಬರು ಸ್ಟೇಜು ಹತ್ತಿ ಪಕ್ಕದ ಪರದೆ ಎತ್ತಿ ನೋಡಿದರು. ಯಾರೂ ಇರಲಿಲ್ಲ. "ಓಡಿಹೋದ" ಎಂದು ಕೂಗಿದರು. ಗುತ್ಯಮ್ಮ ಎದ್ದು ನಿಂತು, "ಅವ್ರದ್ದೇ ದನಿ, ಅವ್ರದ್ದೇ" ಎನ್ನುತ್ತಲೇ ಇದ್ದಳು. ಕೇಳುವವರು ಯಾರು? ಜಟ್ಟಿಂಗಪ್ಪ ಕೈಸನ್ನೆ ಮಾಡಿ ಅವಳನ್ನು ಕೂರಿಸಿದ.

ಹಾರ್ಮೋನಿಯಂನವನು ಮತ್ತೆ ಶ್ರುತಿ ಕೊಟ್ಟ. ಜಟ್ಟಿಂಗಪ್ಪ ಉಳಿದ ಹಾಡಿಗೆಲ್ಲ ಬರೀ ತುಟಿ ಆಡಿಸಿದ, ದನಿ ಬಿಡಲಿಲ್ಲ. ಜನ ತೃಪ್ತಿಯಿಂದ ಕೂತರು. ನನ್ನ ಪಕ್ಕದವನು, "ನೋಡಿದ್ರಾ, ಹಾಡೋನು ಓಡಿಹೋದ್ಮೇಲೆ ಹೀಗೇ," ಎಂದ.