ಅಕ್ಕನ ಮನೆಗೆ ವಿಮಾನ

ನಾನು ಆಸ್ಟ್ರೇಲಿಯಾದಲ್ಲಿ ಓದುವಾಗ, ಹಾಲ್ಕುರಿಕೆ ಕಡೆಯ ದನದ ಡಾಕ್ಟರೊಬ್ಬರು ಅಲ್ಲಿದ್ದರು. ನೆಂಟರಿಷ್ಟರ ಮನೆಗೆಲ್ಲ ತಮ್ಮ ಪುಟ್ಟ ವಿಮಾನದಲ್ಲೇ ಹೋಗುವರು. ಚಪ್ಪಲಿ ಹೊರಗೆ ಬಿಟ್ಟು ಹತ್ತಿ, ನೆನಪಾಗಿ ಮತ್ತೆ ಇಳಿದು ತರುವರು. "ಹೊತ್ತು ಮುಳುಗೋಕ್ಮುಂಚೆ ಮನೆ ಸೇರ್ಬೇಕು ಕಣ್ಲಾ" ಎನ್ನುವರು; ಕತ್ತಲಲ್ಲಿ ಆ ವಿಮಾನ ಹಾರಿಸುವಂತಿರಲಿಲ್ಲ. ಅವರ ದನಿಯನ್ನು ನಾನು ಅಣಕಿಸುತ್ತಿದ್ದುದು ನೆಲದ ಮೇಲೆ ಮಾತ್ರ. ಅವರ ಜೊತೆ ಮೇಲೇರಿದರೆ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ.

ಒಮ್ಮೆ ಆ ದೇಶದಲ್ಲೇ ದೂರದಲ್ಲಿದ್ದ ಅವರ ಅಕ್ಕನ ಊರಿಗೆ ಹೋಗಿ, ಮನೆ ಪಕ್ಕದ ಬಯಲಲ್ಲಿ ಇಳಿದೆವು. ಗಂಡ ತೀರಿಕೊಂಡ ಮೇಲೆ ಆಕೆ ಅಡುಗೆಯನ್ನೇ ಬಿಟ್ಟು, ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದರು. ಸಂಜೆ ನಾವು ಹೊರಟಾಗ, "ಮುದ್ದೆಗೆ ಎಸರಿಟ್ಟಿದೀನಿ ಕಣಪ್ಪ, ಉಣ್ಕೊಂಡು ಹೋಗು" ಎಂದರು.

ನಾನು ಇಳಿಯುತ್ತಿದ್ದ ಸೂರ್ಯನನ್ನು ತೋರಿಸಿದೆ.

"ಸುಮ್ಕಿರ್ಲಾ" ಎಂದವರೇ ಡಾಕ್ಟರು, ರಾತ್ರಿಯ ಗಾಳಿಗೆ ಅಲುಗದಂತೆ ವಿಮಾನದ ರೆಕ್ಕೆಗಳಿಗೆ ಹಗ್ಗ ಬಿಗಿದು ಗೂಟಕ್ಕೆ ಕಟ್ಟಿ, ಕೈ ತೊಳೆಯಲು ಹೋದರು.