ಎಕ್ಸ್‌ಟಿ ಬೇಡವೆಂದು ಕಾದದ್ದು

ಕರೆಂಟು ಹೋಗಬಹುದಿತ್ತು. ಹೋದ ಕರೆಂಟು ಸಿಟ್ಟಿನಿಂದ ವಾಪಸು ಬಂದು ಕಂಪ್ಯೂಟರಿನ ಒಳಗಿನ ಚಿಪ್ಪನ್ನು ಸುಟ್ಟು ಕರಕಲು ಮಾಡಬಹುದಿತ್ತು. ಹುಬ್ಬಳ್ಳಿಯಿಂದ ತರುವಾಗ ಬಸ್ಸಿನ ಟಾಪಿನಿಂದ ಡಬ್ಬಿ ಉರುಳಿ ಬೀಳಬಹುದಿತ್ತು. ಪೇಟೆಯ ಭತ್ತದ ಹೊಟ್ಟು ಹಾರಿ ಬಂದು ಫ್ಲಾಪಿ ತೂರಿಸುವ ಬಾಯಿಯೊಳಗೆ ಸೇರಬಹುದಿತ್ತು. ಇಲಿ ವಾಯರು ಕಡಿಯಬಹುದಿತ್ತು, ಹಂಚು ಸೋರಬಹುದಿತ್ತು, ಸಿಡಿಲು ಹೊಡೆಯಬಹುದಿತ್ತು. ವ್ಯಾಪಾರಿ ಹೊಸ ಡಬ್ಬಿಯಲ್ಲಿ ಹಳೆಯ ಪ್ರೊಸೆಸರು ಹಾಕಿ ಕೊಡಬಹುದಿತ್ತು. ಬಿಚ್ಚಿ ತೋರಿಸಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ನಾನು ಕೊಂಡ ಮರುವಾರವೇ ಅದಕ್ಕಿಂತ ಜೋರಿನದು ಬಂದು, ಅದನ್ನು ಎದುರಿನವನು ಕೊಳ್ಳಬಹುದಿತ್ತು.

ಎದುರಿನವನೆಂದರೆ, ಹಾನಗಲ್ಲಿನಲ್ಲಿ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ನೇರ ಎದುರು, ರಸ್ತೆಯ ಆಚೆ ಬದಿಗೆ, ತನ್ನದೊಂದು ಇನ್‌ಸ್ಟಿಟ್ಯೂಟು ತೆರೆದವನು. ಊರು ಶಿಗ್ಗಾವಿ. ಎಪ್ಪತ್ತರ ದಶಕದ ಕೊನೆಗೆ ದಿನಾ ಬಸ್ಸಿಗೆ ಬಂದು ನನ್ನ ಹತ್ತಿರವೇ ಟೈಪಿಂಗ್ ಕಲಿತಿದ್ದ. ಬೆರಳು ಚುರುಕು, ನಾಲಿಗೆ ಇನ್ನೂ ಚುರುಕು. ನನ್ನಲ್ಲಿ ಒಂದು ಕಟ್ಟಳೆಯಿತ್ತು. ಪ್ರತಿ ಅಮಾವಾಸ್ಯೆಗೆ ಕಲಿಯುವವರೆಲ್ಲ ಸೇರಿ ಮಶಿನ್ನುಗಳ ಧೂಳು ಹೊಡೆದು, ಕೀಲು ಕೀಲಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಬೇಕು. ತಪ್ಪಿಸಿದವನಿಗೆ ಮರುದಿನ ಮಶಿನ್ನಿಲ್ಲ. ಒಂದು ಸಲ ಇವನು ಎಣ್ಣೆ ಜಾಸ್ತಿ ಸುರಿದು ರಿಬ್ಬನ್ನು ಹಾಳು ಮಾಡಿದ. ಎಲ್ಲರೆದುರು ಅವನ ಕಿವಿ ಹಿಂಡಿದೆ. "ಒಂದ ಹನಿ ಅಂದ್ರ ಒಂದ ಹನಿ!" ಎಂದು ಕೂಗಿದ್ದೆನಂತೆ. ನಾನು ಮರೆತೆ. ಅವನು ಮರೆಯಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಜೂನ್ ತಿಂಗಳಿನಲ್ಲಿ ಮಕ್ಕಳನ್ನು ಕರೆತರುವ ತಂದೆಯರು ಬಾಗಿಲಲ್ಲೇ ನಿಂತು, "ಕಂಪ್ಯೂಟರ್ ಐತೇನ್ರಿ?" ಎಂದು ಕೇಳತೊಡಗಿದರು. ಇಲ್ಲ ಎಂದರೆ ಚಪ್ಪಲಿ ಬಿಡುತ್ತಲೇ ಇರಲಿಲ್ಲ. ನನ್ನ ಒಂಬತ್ತು ಮಶಿನ್ನುಗಳಲ್ಲಿ ಆರರ ಮೇಲೆ ಮುಸುಕು ಬಿತ್ತು. ಕಂಪ್ಯೂಟರ್ ಬರದಿದ್ದರೆ ಇನ್ನೆರಡು ಜೂನಿಗೆ ಬಾಗಿಲಿಗೇ ಮುಸುಕು. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ.

ಹುಬ್ಬಳ್ಳಿಗೆ ಹೋದೆ. ವ್ಯಾಪಾರಿ ಎರಡು ತರಹದ್ದು ತೋರಿಸಿದ. ಎಕ್ಸ್‌ಟಿ ಎಂದರೆ ಹಳೆಯ ಪ್ರೊಸೆಸರಿನದು, ನಿಧಾನ, ಆದರೆ ಎದುರಿಗೇ ಇದೆ. ಎಟಿ ಎಂದರೆ ಹೊಸದು, ಓಡುತ್ತದೆ, ಆದರೆ ಕೆಲವು ತಿಂಗಳು ತಡೆದರೆ ಬೆಲೆ ಇಳಿಯುತ್ತದೆ. ನಾನು ತಡೆದೆ. ತಿಂಗಳುಗಳು ಕಳೆದ ಮೇಲೆ ಮತ್ತೆ ಹೋದರೆ, ಎಟಿಯನ್ನೂ ಮೀರಿಸುವ ಇನ್ನೊಂದು ಬೆಂಗಳೂರಿಗೆ ಬಂದಿದೆ ಎಂದ. ಹಾಗಾದರೆ ಅದನ್ನೇ ಕಾಯುತ್ತೇನೆ ಎಂದೆ. ಮೂರನೆಯ ಸಲ ನನ್ನನ್ನು ನೋಡಿಯೂ ಆ ವ್ಯಾಪಾರಿ ಕುರ್ಚಿಯಿಂದ ಏಳಲೂ ಇಲ್ಲ.

"ಮಾಸ್ತರ್ರ, ನಿಮಗ ಬೇಕಾಗಿದ್ದು ಪ್ರೊಸೆಸರ್ ಅಲ್ಲರಿ, ಪಂಚಾಂಗ. ಮೂರ್ತ ನೋಡ್ಕೊಂಡ ಬರ್ರಿ."

ಅಷ್ಟರಲ್ಲಿ ಎದುರಿನವನು ಎಕ್ಸ್‌ಟಿ ತಂದೇಬಿಟ್ಟ. ವಿಚಾರವಿಲ್ಲ, ಚೌಕಾಶಿಯಿಲ್ಲ, ಹೋದ, ತಂದ, ಬಾಗಿಲ ಮೇಲೆ ನನ್ನ ಬೋರ್ಡಿಗಿಂತ ಒಂದು ಮೊಳ ಅಗಲದ ಬೋರ್ಡು ಹೊಡೆಸಿದ. ಚಹಾದಂಗಡಿಯಲ್ಲಿ ಎದುರಾದ.

"ಸರ್, ನಿಮ್ದು ಯಾವಾಗ್ರಿ?"

"ನೀ ತಂದಿದ್ದು ಡಕೋಟಾ. ನಾ ಎಟಿ ತರಾಂವ."

"ತರ್ರಿ ತರ್ರಿ. ಅಲ್ಲೀತನಾ ನಿಮ್ಮ ಹುಡುಗೂರ್ನ ನಾ ನೋಡ್ಕೊಂಡಿರ್ತೇನಿ."

ಚಹಾ ಅರ್ಧಕ್ಕೆ ಬಿಟ್ಟು ಎದ್ದುಬಂದೆ. ಅವತ್ತಿನಿಂದ ಮಾತು ನಿಂತಿತು. ಅವನ ಕಂಪ್ಯೂಟರ್ ಕೆಡಲಿ ಎಂದು ನಾನು ದೇವರಿಗೆ ನೇರವಾಗಿ ಕೇಳಿಕೊಂಡಿಲ್ಲ, ಆದರೆ ಊರ ಮೇಲೆ ಸಿಡಿಲು ಗುಡುಗಿದಾಗಲೆಲ್ಲ ಕಿಟಕಿಗೆ ಹೋಗಿ ಆಚೆ ಬದಿಯನ್ನು ಆಸೆಯಿಂದ ನೋಡುತ್ತಿದ್ದೆ.

ಸವಣೂರಿನ ಮೆಕ್ಯಾನಿಕ್ ಒಬ್ಬರಿದ್ದರು. ತಿಂಗಳಿಗೊಮ್ಮೆ ಚರ್ಮದ ಚೀಲ ಹಿಡಿದು ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಸುತ್ತಿ ಟೈಪ್‌ರೈಟರುಗಳ ರಿಪೇರಿ ಮಾಡುವವರು. ಕಂಪ್ಯೂಟರಿನ ಹೆಸರೆತ್ತಿದರೆ ಅವರ ಮುಖ ಗಂಟಾಗುತ್ತಿತ್ತು. ಅದು ಬಂದಲ್ಲೆಲ್ಲ ಅವರ ಚೀಲ ಹಗುರಾಗುತ್ತಿತ್ತು.

"ಹಿರೇಕೆರೂರಾಗೂ ತಂದಾರ್ರಿ ಮಾಸ್ತರ್ರ. ಶಿಗ್ಗಾಂವ್ಯಾಗೂ ತಂದಾರ. ಈ ನಾಕೂರಾಗ ಕಾಯ್ಕೋತ ಕುಂತವ್ರು ನೀವೊಬ್ರ."

"ನಿಮ್ಮ ಸಲುವಾಗೇ ಕಾಯಾಕತ್ತೇನಿ ಅಂತ ತಿಳ್ಕೋರಿ."

"ನನ್ ಮ್ಯಾಲ ಹಾಕಬ್ಯಾಡ್ರಿ. ನಿಮ್ಮ ಅಂಜಿಕಿ ನಿಮ್ಮದು." ಮಶಿನ್ನಿನ ಹೊಟ್ಟೆಯಿಂದ ತಲೆ ಎತ್ತದೆ ಅವರು ಇನ್ನೊಂದು ಮಾತು ಹೇಳಿದರು: "ಒಂದ್ ತಿಳ್ಕೋರಿ. ಎಣ್ಣಿ ಬ್ಯಾಡ ಅನ್ನೂ ಮಶಿನ್ನ ನಾ ಹುಟ್ಟಿ ನೋಡಿಲ್ಲ."

ಈ ಮಾತು ನನ್ನೊಳಗೆ ಹೋಗಿ ಕೂತುಬಿಟ್ಟಿತು. ಹುಬ್ಬಳ್ಳಿಯವನ ಮಾತುಗಳಲ್ಲಿ ಒಂದೂ ಹಾಗೆ ಕೂತಿರಲಿಲ್ಲ.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಅಲ್ಲರೀ, ಮುಂದಿಂದು ಬರ್ತೈತಿ, ಅದರ ಮುಂದಿಂದು ಬರ್ತೈತಿ ಅಂತೀರಿ. ನನ್ನ ನೋಡಾಕ ಬಂದಾಗೂ ಹಿಂಗ ಅಂದಿದ್ರೇನು?"

"ಛೇ, ಅದು ಬ್ಯಾರೆ."

"ಬ್ಯಾರೆ ಎಲ್ಲಿದು? ಎಂಟ್ ತಿಂಗಳ ಉತ್ತರಾ ಕೊಟ್ಟಿದ್ದಿಲ್ಲ ನೀವು. ನಮ್ಮಪ್ಪ ಬ್ಯಾರೆ ಕಡೆ ನೋಡ್ತೇನಿ ಅಂದ ಮ್ಯಾಲ ಓಡಿ ಬಂದ್ರಿ." ರೊಟ್ಟಿ ಹಂಚಿನ ಮೇಲೆ ಬಿತ್ತು. "ಈ ಜೂನಿಗೆ ತರ್ತೀರೋ, ಇಲ್ಲಾ ಬೋರ್ಡ್ ಇಳಸ್ತೀರೋ ಹೇಳ್ರಿ."

ತಂದೆ. ಎಟಿಯನ್ನೇ ತಂದೆ. ಬಸ್ಸಿನ ಟಾಪಿನ ಮೇಲೆ ಹಾಕಲು ಬಿಡಲಿಲ್ಲ. ದೊಡ್ಡ ಡಬ್ಬಿಗೆ ಸೀಟಿನ ಟಿಕೀಟು ತೆಗೆಸಿ, ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಹುಬ್ಬಳ್ಳಿಯಿಂದ ಹಾನಗಲ್ಲಿನವರೆಗೆ ಕೂತು ಬಂದೆ. ವೋಲ್ಟೇಜು ಕಾಯುವ ಪೆಟ್ಟಿಗೆ ಇಟ್ಟೆ. ಹಂಚು ತಿರುಗಿಸಿ ಹಾಕಿಸಿದೆ. ಇಲಿಯ ಬೋನು ಎರಡು. ಪೇಟೆಯ ಕಡೆಯ ಕಿಟಕಿಗೆ ಗೋಣಿ ಬಡಿಸಿದೆ. ಬೋರ್ಡಿನ ಪೇಂಟರಿಗೆ "ಎಟಿ" ಎಂಬ ಎರಡೇ ಅಕ್ಷರವನ್ನು ಕೆಂಪಿನಲ್ಲಿ, ರಸ್ತೆಯ ಆಚೆ ಬದಿಗೆ ಕುಕ್ಕುವ ಹಾಗೆ ಬರೆಯಲು ಹೇಳಿದೆ. ಜೂನ್ ಮೊದಲ ವಾರ ಅಮಾವಾಸ್ಯೆ ಬಂತು. ಕಟ್ಟಳೆಯ ಪ್ರಕಾರ ಎಲ್ಲ ಮಶಿನ್ನುಗಳ ಪೂಜೆ ಮಾಡಿದೆ. ಹೊಸದನ್ನು ಬೇರೆ ಯಾರ ಕೈಗೂ ಕೊಡಲಿಲ್ಲ, ಖುದ್ದಾಗಿ ನಾನೇ ಕೂತು ಮಾಡಿದೆ.

ಮರುದಿನ ತಂದೆಯರನ್ನು ಕರೆದಿದ್ದೆ. ಕೋಣೆ ತುಂಬಿತು, ಆಡೂರು, ಚಿಕ್ಕೇರೂರಿನಿಂದಲೂ ಬಂದಿದ್ದರು. ಹಿಂದುಗಡೆ ಗೋಡೆಗೆ ಒರಗಿ, ಕೈ ಕಟ್ಟಿಕೊಂಡು, ಎದುರಿನವನೂ ನಿಂತಿದ್ದ. ನನ್ನ ಸೋಲು ನೋಡಲು ಬಂದವನಿಗೆ ನನ್ನ ಗೆಲುವು ತೋರಿಸಿಯೇ ಕಳಿಸೋಣವೆಂದು ಇರಲು ಬಿಟ್ಟೆ. ಕರೆಂಟಿತ್ತು. ಪರದೆ ಹಸಿರಾಗಿ ಬೆಳಗಿತು. ಮುಂದೆ ಕೂತ ಹಿರಿಯರೊಬ್ಬರು, "ನನ್ನ ಮಗನ ಹೆಸರು ಹೊಡೀರಿ ನೋಡೂಣು" ಎಂದರು.

ಮೊದಲ ಅಕ್ಷರ ಒತ್ತಿದೆ. ಕೀಲಿ ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಪರದೆಯ ಮೇಲೆ ಅದೇ ಒಂದು ಅಕ್ಷರ ಸಾಲುಗಟ್ಟಿ ಹರಿಯಿತು. ಇನ್ನೊಂದು ಒತ್ತಿದೆ, ಏನೂ ಇಲ್ಲ. ಬಂದ್ ಮಾಡಿ ಚಾಲೂ ಮಾಡಿದೆ. ಅದೇ.

"ಮಗನ ಹೆಸರು ಇಷ್ಟ್ ಉದ್ದ ಇಲ್ಲರಿ ನಂದು," ಎಂದರು ಹಿರಿಯರು. ಕೋಣೆ ನಕ್ಕಿತು.

"ಸರ್, ನನ್ನ ಕೀಬೋರ್ಡ ತರ್ಲೇನ್ರಿ?" ಹಿಂದಿನಿಂದ ದನಿ ಬಂತು. ಅಷ್ಟು ಜನರ ಎದುರು ಬೇಡವೆನ್ನಲಾಗದೆ ತಲೆಯಾಡಿಸಿದೆ. ಅವನು ರಸ್ತೆ ದಾಟಿ ತಂದ, ಹಚ್ಚಿದ. ಪಿನ್ನು ಸರಿಯಾಗಿ ಕೂತಿತು. ಚಾಲೂ ಮಾಡಿದರೆ ಕೀಬೋರ್ಡೇ ಇಲ್ಲವೆಂದು ಪರದೆ ಇಂಗ್ಲಿಷಿನಲ್ಲಿ ಬೈಯಿತು.

"ಅಯ್ಯ, ಮರ್ತಿದ್ದೆ ನೋಡ್ರಿ," ಎಂದ ಅವನು, ಕೋಣೆಗೆಲ್ಲ ಕೇಳುವ ಹಾಗೆ. ಮರೆತಿರಲಿಲ್ಲ ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. "ನಂದು ಎಕ್ಸ್‌ಟಿ ಐತಲ್ಲರಿ, ಡಕೋಟಾ. ಸರ್ ಅವರ ಎಟಿಗೆ ಇದು ನಡೆಯೂದಿಲ್ಲ. ಬರ್ರಿ ಹಿರ್ಯಾರ, ಹುಡುಗನ ಹೆಸರ ನಮ್ಮಲ್ಲೆ ಹೊಡದ ತೋರಸ್ತೇನಿ."

ಹಿರಿಯರು ಎದ್ದರು. ಅವರ ಹಿಂದೆ ಉಳಿದವರೂ ಎದ್ದರು. ಬಾಗಿಲಲ್ಲಿ ಚಪ್ಪಲಿಗಳ ಸಪ್ಪಳವಾಯಿತು. ಆ ಜೂನಿನ ಹುಡುಗರೆಲ್ಲ ಆಚೆ ಬದಿಯವರಾದರು. ಹುಬ್ಬಳ್ಳಿಯಿಂದ ಬೇರೆ ಕೀಬೋರ್ಡು ಬರುವ ಹೊತ್ತಿಗೆ ಪ್ರವೇಶ ಮುಗಿದಿತ್ತು, ಮುಂದಿನ ವರ್ಷದೊಳಗೆ ನನ್ನ ಬೋರ್ಡು ಇಳಿಯಿತು.

ಆದರೆ ಅವತ್ತು ಅವನು ಒಂದು ಗಳಿಗೆ ಹಿಂದುಳಿದ. ತನ್ನ ಕೀಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು, ನನ್ನದನ್ನು ಎತ್ತಿ ಓರೆ ಹಿಡಿದ. ಅಂಚಿನಿಂದ ಏನೋ ಇಳಿದು ಅವನ ಬೆರಳಿಗೆ ಹತ್ತಿತು. ಮೂಗಿನ ಹತ್ತಿರ ಒಯ್ದ. ಇನ್ನೊಂದು ಕೈ ತನ್ನಷ್ಟಕ್ಕೆ ತಾನೇ ಕಿವಿಯ ಕಡೆ ಹೋಯಿತು.

"ಸರ್, ಅಮಾಸಿ ಎಣ್ಣಿ ಬಿಟ್ರೇನ್ರಿ ಇದಕ್ಕ?"

"ಒಂದೊಂದಕ್ಕ ಒಂದ ಹನಿ," ಎಂದೆ. "ಜಾಸ್ತಿ ಬಿಟ್ಟಿಲ್ಲ."