ಸಾಮಿಲ್ಲಿನ ಕಬ್ಬಿಣದ ತೊಟ್ಟಿಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಹೊಳೆನರಸೀಪುರದ ನಮ್ಮ ಸಾಮಿಲ್ಲಿಗೆ ಬಂದುಹೋಗುವವರೆಲ್ಲ ಅದನ್ನು ಬಲ್ಲರು. ಅಪ್ಪನ ಕೈಯಿಂದ ಮಿಲ್ಲು ನನ್ನ ಕೈಗೆ ಬಂದಾಗ ನಾನು ಮೊದಲು ಜಗಳ ತೆಗೆದದ್ದು ಹಿತ್ತಲಿನ ಹೊಟ್ಟಿನ ಗುಡ್ಡೆಯ ವಿಷಯಕ್ಕೆ. ಮರ ಕೊಯ್ದ ಹೊಟ್ಟನ್ನು ಅಲ್ಲಿ ಸುರಿದು ಕಡ್ಡಿ ಗೀರಿಬಿಡುವುದು ಮೊದಲಿನಿಂದ ನಡೆದು ಬಂದ ರೂಢಿ. ಉರಿ ಕಾಣುವುದಿಲ್ಲ. ಮೇಲೆ ತಣ್ಣನೆಯ ಬೂದಿ, ಒಳಗೆ ತಿಂಗಳುಗಟ್ಟಲೆ ಕೆಂಡ. ಒಮ್ಮೆ ಬೀದಿನಾಯಿಯೊಂದು ಅದರ ಮೇಲೆ ಹತ್ತಿತು, ಕೂಗುವುದಕ್ಕೂ ಆಗದೆ ಒಳಗೆ ಇಳಿದುಹೋಯಿತು. ಅದನ್ನು ಕಣ್ಣಾರೆ ಕಂಡ ಮೇಲೆ ಹಿತ್ತಲಿಗೆ ಕಾಲಿಡಲು ನನಗೆ ಭಯ.

ಹೊಟ್ಟನ್ನು ಒತ್ತಿ ಸೌದೆ ಮಾಡುವ ಮಿಷನ್ನು ತರಿಸಿದೆ. ನಮ್ಮ ಹೊಟ್ಟು ಸಾಲದಾದಾಗ ಹಾಸನದಿಂದ ಕಾಫಿ ಹೊಟ್ಟು, ಅರಕಲಗೂಡಿನ ಕಡೆಯಿಂದ ಜೋಳದ ಬೆಂಡು ಬಂತು. ಎಲ್ಲವನ್ನೂ ನುಂಗಿ ಅದು ತೋಳಿನ ಗಾತ್ರದ ಕಂದು ತುಂಡುಗಳನ್ನು ಉಗುಳುತ್ತಿತ್ತು. ಬಾಯ್ಲರ್ ಇಟ್ಟ ಕಾರ್ಖಾನೆಯವರು ಮರ ಬಿಟ್ಟು ಇದನ್ನೇ ಕೇಳತೊಡಗಿದರು. ನಾನು ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಹೆಣ ಸುಡಲೆಂದು ನಮ್ಮಲ್ಲಿಂದ ಗಾಡಿ ತುಂಬ ಮರ ಹೋಗುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಹಾಸನದ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಒಂದು ಕಬ್ಬಿಣದ ಚೌಕಟ್ಟು ಮಾಡಿಸಿದೆ. ಆಳುದ್ದ, ಎರಡೂ ಬದಿಗೆ ಸರಳು, ಕೆಳಗೆ ಗಾಳಿಯಾಡಲು ಜಾಗ. ಹೊಟ್ಟಿನ ಸೌದೆ ಹಾಕಿ, ಹೆಣ ಮಲಗಿಸಿ ಹಚ್ಚಿದರೆ ಒಂದು ಮರವನ್ನೂ ಕಡಿಯಬೇಕಿಲ್ಲ, ಕಣ್ಣುರಿಸುವ ಹೊಗೆಯೂ ಇಲ್ಲ.

ಟೆಂಪೋದಿಂದ ಇಳಿಸುವಾಗಲೇ ನಮ್ಮ ಹಳೆಯ ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ.

"ತೊಟ್ಲು ಇದ್ದಂಗೈತಲ್ಲವ್ವ! ಬರೀ ತೊಟ್ಲ ಮಡಗ್ಬಾರ್ದು. ಯಾರ್ನಾರ ಕರೀತದೆ."

"ನಿನ್ನನ್ನೇ ಕರೀಲಿ, ಹೋಗಿ ಕೆಲ್ಸ ನೋಡು," ಎಂದು ಗದರಿಸಿದೆ.

ಮರುದಿನ ಅದರಲ್ಲಿ ಒಂದು ದಿಮ್ಮಿ ಉದ್ದಕ್ಕೆ ಮಲಗಿತ್ತು. ನಾನು ತೆಗೆಸಿದೆ. ಅದರ ಮರುದಿನ ಮತ್ತೆ ದಿಮ್ಮಿ. ಒಂದು ಬೆಳಿಗ್ಗೆಯಂತೂ ಅದಕ್ಕೆ ಗೋಣಿಚೀಲ ಹೊದಿಸಿತ್ತು. ತೊಟ್ಟಿಲು ಬರಿದಿರಬಾರದೆಂದು ಯಾರೋ ಇಡುತ್ತಿದ್ದರು; ತೆಗೆಸಿ ತೆಗೆಸಿ ಸಾಕಾಗಿ ಬಿಟ್ಟುಬಿಟ್ಟೆ.

ವರ್ಷವಾದರೂ ಹೆಣ ಸುಡಲು ಅದನ್ನು ಯಾರೂ ಒಯ್ಯಲಿಲ್ಲ. ಮರಕ್ಕೆಂದು ಬಂದವರು ಅತ್ತ ತಿರುಗಿ ನೋಡದೆ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದರು. "ಸುಡೋದು ಹೆಣಾನೋ ಕಾಡನ್ನೋ?" ಎಂದು ನಾನು ಕೂಗಾಡುತ್ತಿದ್ದೆ. ಅಪ್ಪ ಬೀಡಿ ಕಚ್ಚಿಕೊಂಡು ನಗುತ್ತಿದ್ದ.

ಒಂದು ಮಧ್ಯಾಹ್ನ, ಊಟಕ್ಕೆಂದು ಮಿಷನ್ನು ನಿಲ್ಲಿಸಿದ್ದರು. ಹೊರಗೆ ಬಂದು ನೋಡುತ್ತೇನೆ, ದಿಮ್ಮಿ ನೆಲದ ಮೇಲಿದೆ. ಚೌಕಟ್ಟಿನಲ್ಲಿ ಯಾರೋ ಮುಖದ ಮೇಲೆ ಟವೆಲು ಹಾಕಿಕೊಂಡು ನೆಟ್ಟಗೆ ಮಲಗಿದ್ದಾರೆ. ಹತ್ತಿರ ಓಡಿದೆ. ಪಾದ ನೋಡಿ ಗುರುತು ಹಿಡಿದೆ. ಅಪ್ಪ.

"ಉದ್ದ ಸರಿಯಾಗೈತೆ ಕಣವ್ವ," ಎಂದ ಟವೆಲಿನೊಳಗಿಂದ. "ಬೆನ್ಗೆ ತಣ್ಣಗೈತೆ."

"ಬಿಡ್ತು ಅನ್ನು! ನಿಂಗೇನು ಬುದ್ಧಿಗಿದ್ಧಿ ಐತಾ? ಎದ್ದೇಳಪ್ಪ!"

"ಮಾಡಿಸ್ದೋರ ಮನೆಯೋರೇ ಮಲಗ್ದಿದ್ರೆ ಊರೋರು ಯಾಕವ್ವ ಮಲಗ್ತಾರೆ? ಮೊದ್ಲು ನಾನೇ. ಆಯ್ತು ಅನ್ನು, ಏಳ್ತೀನಿ."

ಆಯ್ತು ಎಂದೆ. ಅವನು ಎದ್ದರೆ ಸಾಕಾಗಿತ್ತು ನನಗೆ. ಅವನ ಬಿಳಿ ಅಂಗಿಯ ಬೆನ್ನಿಗೆ ಸರಳುಗಳ ತುಕ್ಕು ಗೆರೆಗೆರೆಯಾಗಿ ಹತ್ತಿತ್ತು. ಎಷ್ಟು ಒಗೆದರೂ ಹೋಗಲಿಲ್ಲ.

ಆ ಬೇಸಿಗೆಯಲ್ಲೇ ಅಪ್ಪ ಹೋಗಿಬಿಟ್ಟ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟ, ಅಷ್ಟೆ. ಬಂಧುಗಳು ಮರವೇ ಬೇಕೆಂದು ಹಟ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಮರ ಕೇಳಲಿಲ್ಲ. ಶಾಂತಿಗ್ರಾಮ, ಚನ್ನರಾಯಪಟ್ಟಣ ಎಂದು ನೆಂಟರ ಮನೆ ಮನೆಗೂ ಹೋಗಿ, ತನ್ನನ್ನು ಆ ಚೌಕಟ್ಟಿನಲ್ಲೇ ಮಲಗಿಸಬೇಕೆಂದು ಅಪ್ಪ ಮಾತು ತೆಗೆದುಕೊಂಡು ಬಂದಿದ್ದನಂತೆ. ಎಲ್ಲರೂ ಒಪ್ಪಿದ್ದರು. ಒಪ್ಪದವಳು ನಾನೊಬ್ಬಳೇ.

"ಮರ ತೆಗಿ," ಎಂದೆ ಮೇಸ್ತ್ರಿಗೆ. "ಮಾವು, ಹಲಸು, ಏನಿದ್ರೂ ತೆಗಿ. ನಮ್ಮಪ್ಪನ್ನ ಅದ್ರಲ್ಲಿ ಹಾಕ್ಬೇಡ."

ಮೇಸ್ತ್ರಿ ಕೈ ಮುಗಿದ. "ಯಜಮಾನ್ರು ಯೋಳವ್ರೆ ಕಣವ್ವ. ನನ್ ಮಗಳೇ ಬ್ಯಾಡ ಅಂತಾಳೆ, ಅವಳ ಮಾತ ಮಾತ್ರ ಕೇಳ್ಬ್ಯಾಡಿ ಅಂತ."

ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಂಡೇ ಚೌಕಟ್ಟನ್ನು ಟ್ರ್ಯಾಕ್ಟರಿಗೆ ಹತ್ತಿಸಿದ.

ಹೆಂಗಸರು ಸುಡುಗಾಡಿಗೆ ಹೋಗುವುದು ನಮ್ಮಲ್ಲಿಲ್ಲ. ಮಿಲ್ಲಿನ ಅಂಗಳದಲ್ಲಿ ನಿಂತು, ಸುಡುಗಾಡಿರುವ ಹೊಳೆಯ ಕಡೆ ನೋಡಿದೆ. ಯಾರನ್ನು ಸುಟ್ಟರೂ ತೆಂಗಿನ ಮರಗಳ ಮೇಲೆ ಹೊಗೆ ಏಳುತ್ತದೆ. ಅದನ್ನು ಕಂಡು, ಸದ್ಯ ಹತ್ತಿತು ಎಂದು ಮನೆಯ ಹೆಂಗಸರು ಸ್ನಾನಕ್ಕೆ ಏಳುತ್ತಾರೆ. ಆ ದಿನ ಆಕಾಶ ಬರಿದು. ಒಂದು ಎಳೆ ಹೊಗೆಯಿಲ್ಲ. ಕಾಗೆಗಳೂ ಸುಮ್ಮನಿದ್ದವು. ಹೊಗೆ ಬರುವುದಿಲ್ಲ ಎಂದು ವರ್ಷವಿಡೀ ಊರಿಗೆಲ್ಲ ಸಾರಿದವಳು ನಾನೇ. ಆ ಗಳಿಗೆಯಲ್ಲಿ ಅದೊಂದೂ ನೆನಪಿಗೆ ಬರಲಿಲ್ಲ. ಬೆಂಕಿ ಹತ್ತಿಲ್ಲ, ಅಪ್ಪ ಅರ್ಧಂಬರ್ಧ ಬೆಂದು ಆ ಸರಳುಗಳ ಮೇಲೆ ಬಿದ್ದಿದ್ದಾನೆ ಎಂದೇ ಅನ್ನಿಸಿತು. ದೇವರೇ, ಒಂದಿಷ್ಟು ಹೊಗೆ ಕಾಣಿಸಪ್ಪ ಎಂದು ಬೇಡಿಕೊಂಡೆ.

ಹೊತ್ತು ಇನ್ನೂ ಇಳಿದಿರಲಿಲ್ಲ, ಟ್ರ್ಯಾಕ್ಟರ್ ಸದ್ದು ಕೇಳಿತು. ಹೆಣ ಸುಡಲು ಹೋದ ನಮ್ಮ ಆಳುಗಳು ಹಿಂದೆಂದೂ ಸಂಜೆಗೆ ಮೊದಲು ಬಂದದ್ದಿಲ್ಲ. ಆರಿಹೋಗಿದೆ, ಮರಕ್ಕೇ ಬಂದಿದ್ದಾರೆ ಎಂದು ಬರಿಗಾಲಲ್ಲಿ ಓಡಿ ಶೆಡ್ಡಿನ ಬೀಗ ತೆಗೆದೆ. ಹಲಸಿನ ತುಂಡೊಂದನ್ನು ಎಳೆಯುತ್ತಿದ್ದೆ. ಮೇಸ್ತ್ರಿ ಬಂದು ಅದರ ಇನ್ನೊಂದು ತುದಿ ಹಿಡಿದು ಮೆಲ್ಲಗೆ ಕೆಳಗಿಟ್ಟ.

"ಹತ್ಲಿಲ್ವಾ?" ಎಂದೆ.

"ಆಯ್ತು ಕಣವ್ವ."

"ಏನಾಯ್ತು?"

"ಎಲ್ಲಾ ಆಯ್ತು. ಬೂದಿ ಅಷ್ಟೇಯ. ಅಂಗೇ ಒಂದೇ ಸಮ ಉರೀತು."

ನಾನು ಮಾಡಿಸಿದ್ದು ಕೆಲಸ ಮಾಡಿತ್ತು. ನಾನು ಮೇಸ್ತ್ರಿಯ ಅಂಗಿ ಹಿಡಿದು ಜಗ್ಗಿದೆ. "ಇಷ್ಟು ಬೇಗ ಯಾಕೋ ಮುಗಿಸಿದ್ರಿ?" ಎಂದು ಕಿರುಚಿದೆ. "ಸಂಜೆತಂಕನಾದ್ರೂ ಅಪ್ಪ ಇರ್ತಾನೆ ಅಂದ್ಕೊಂಡಿದ್ನಲ್ಲೋ!"